ಹಲ್ಲಿ ಯಾವುದು, ಹಳ್ಳಿ ಯಾವುದು?

ಈ ಅಕ್ಷರವನ್ನು ಒಮ್ಮೆ ಸರಿಯಾಗಿ ನೋಡಿ: ೞ.

ಎಷ್ಟು ಜನಕ್ಕೆ ಇದು ಗೊತ್ತು? ಕನ್ನಡ ಎಂ.ಎ. ಮಾಡಿದವರನ್ನು ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರು ಇದನ್ನು ಬರೆದೇ ಇಲ್ಲ. ಇದರ ಹೆಸರು ರಳ. ಪಂಪ, ರನ್ನರ ಕಾಲದಲ್ಲಿ ಇದು ದಿನಬಳಕೆಯ ಅಕ್ಷರ. ಇವತ್ತು ನಾವು ಮಳೆ ಅಂತೀವಲ್ಲ, ಅದು ಆಗ ಮೞೆ. ಏಳು ಅನ್ನೋ ಸಂಖ್ಯೆ ಏೞ್. ತಮಿಳರು, ಮಲಯಾಳಿಗಳು ಈ ಉಚ್ಚಾರವನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ. ನಮ್ಮ ನಾಲಿಗೆ ಅದನ್ನು ನಿಧಾನವಾಗಿ ಬಿಟ್ಟುಬಿಟ್ಟಿತು. ೞ ಹೋಗಿ ಳ ಆಯಿತು. ನಾಲಿಗೆ ಬಿಟ್ಟ ಮೇಲೆ ಕೈಯೂ ಬಿಟ್ಟಿತು.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಪ್ರಪಂಚದ ಎಲ್ಲಾ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ನಂಬರ್ ಕೊಡುವ ವ್ಯವಸ್ಥೆ ಇದೆ, ಅದೇ ಯೂನಿಕೋಡ್. ಆ ಪಟ್ಟಿಯಲ್ಲಿ ನಮ್ಮ ರಳನಿಗೂ ಜಾಗ ಸಿಕ್ಕಿದೆ. ನಂಬರ್ 3294. ಆದರೆ ಅಲ್ಲಿ ಅದರ ಹೆಸರು ಏನಂತ ಬರೆದಿದ್ದಾರೆ ಗೊತ್ತಾ? 'ಕನ್ನಡ ಲೆಟರ್ ಫ'. ಫ್ಯಾನು, ಫೋನು ಅನ್ನುವಾಗ ಬರುತ್ತಲ್ಲ, ಆ ಫ! ಸಾವಿರ ವರ್ಷದ ಹಿಂದಿನ ಅಕ್ಷರಕ್ಕೂ ಆ ಉಚ್ಚಾರಕ್ಕೂ ಯಾವ ಸಂಬಂಧವೂ ಇಲ್ಲ. ತಪ್ಪು ಅಂತ ಆಮೇಲೆ ಗೊತ್ತಾಯಿತು. ಆದರೆ ಯೂನಿಕೋಡಿನಲ್ಲಿ ಒಮ್ಮೆ ಪ್ರಕಟವಾದ ಹೆಸರನ್ನು ಬದಲಿಸುವ ಹಾಗಿಲ್ಲ, ಅದು ನಿಯಮ. ಪಕ್ಕದಲ್ಲಿ ಒಂದು ತಿದ್ದುಪಡಿ ಹೆಸರು ಸೇರಿಸಿ ಬಿಟ್ಟಿದ್ದಾರೆ. ತಪ್ಪು ಹೆಸರು ಮಾತ್ರ ಶಾಶ್ವತ.

ಇದನ್ನು ಸಣ್ಣ ವಿಷಯ ಅಂತ ತಳ್ಳಿಹಾಕಬೇಡಿ. ನಮ್ಮ ಭಾಷೆಯ ಬಗ್ಗೆ ನಾವು ಕಾಳಜಿ ವಹಿಸದಿದ್ದರೆ ಬೇರೆಯವರು ನಮಗೆ ಹೆಸರಿಡ್ತಾರೆ, ಆಮೇಲೆ ಅದೇ ಉಳಿದುಬಿಡುತ್ತೆ. ಇಂಟರ್ನೆಟ್ ಯುಗದಲ್ಲಿ ಕನ್ನಡದ ಕಥೆ ಅರ್ಥ ಆಗಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು.

ಕನ್ನಡ ಹೊಸ ಯಂತ್ರವೊಂದರ ಒಳಗೆ ಹೊಕ್ಕಿದ್ದು ಇದೇ ಮೊದಲಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ 'ಮಂಗಳೂರು ಸಮಾಚಾರ' ಪತ್ರಿಕೆ ಹೊರತಂದಾಗ ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದ್ದರು. 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾಗಿ ಬಂತು. ತಾಳೆಗರಿಯ ಅಕ್ಷರ ಕಲ್ಲಿಗೆ, ಕಲ್ಲಿನಿಂದ ಸೀಸದ ಮೊಳೆಗೆ ಬರುವಷ್ಟರಲ್ಲಿ ಓದುವ ರೀತಿಯೇ ಬದಲಾಗಿತ್ತು. ಒಬ್ಬ ಓದಿ ಹತ್ತು ಜನ ಕೇಳುವುದು ಹೋಗಿ, ಒಬ್ಬೊಬ್ಬರೇ ಕೂತು ಓದುವುದು ಬಂತು.

ಆದರೆ ಕಂಪ್ಯೂಟರ್ ಬೇರೆ ಜಾತಿಯ ಯಂತ್ರ. ಅದಕ್ಕೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಇಂಗ್ಲಿಷಿನ ದೊಡ್ಡ 'ಎ' ಅಂದರೆ ಅದಕ್ಕೆ 65. ಶುರುವಿನಲ್ಲಿ ಈ ಅಂಕಿಗಳೆಲ್ಲಾ ಇಂಗ್ಲಿಷಿಗೇ ಮೀಸಲು. ಹಾಗಾದರೆ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಮದುವೆ ಕಾರ್ಡು ಕನ್ನಡದಲ್ಲಿ ಹೇಗೆ ಬರ್ತಿತ್ತು? ಉಪಾಯ ಸರಳ. ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡ ಅಕ್ಷರದ ತುಂಡೊಂದನ್ನು ಕೂರಿಸುವುದು. ಒಂದು ಮನೆಯಲ್ಲಿ ತಲೆಕಟ್ಟು, ಇನ್ನೊಂದರಲ್ಲಿ ಕೊಂಬು, ಮತ್ತೊಂದರಲ್ಲಿ ಒತ್ತು. ಕಣ್ಣಿಗೆ ಕಾಣೋದು ಕನ್ನಡ. ಯಂತ್ರದ ಲೆಕ್ಕದಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್. ಅಂದರೆ ಕನ್ನಡ ಅಲ್ಲಿ ಬರೀ ವೇಷ.

ಈ ವೇಷದ ಫಜೀತಿ ನನ್ನ ವಯಸ್ಸಿನವರಿಗೆ ಚೆನ್ನಾಗಿ ನೆನಪಿರುತ್ತೆ. ನಾನು ಇಂಜಿನಿಯರಿಂಗ್ ಓದುವಾಗ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕನ್ನಡ ಪೇಪರ್ ತೆರೆದರೆ ಪರದೆ ತುಂಬಾ ಚೌಕದ ಡಬ್ಬಿಗಳು. ಒಂದೊಂದು ತಾಣಕ್ಕೆ ಒಂದೊಂದು ಫಾಂಟ್, ಅದನ್ನು ಇಳಿಸಿಕೊಂಡರೆ ಮಾತ್ರ ಓದೋಕೆ ಸಾಧ್ಯ. ಗೂಗಲ್‌ನಲ್ಲಿ ಬೇಂದ್ರೆ ಅಂತ ಹುಡುಕಿದರೆ ಅಂಥ ಪುಟಗಳಲ್ಲಿದ್ದ ಬೇಂದ್ರೆ ಸಿಗುತ್ತಲೇ ಇರಲಿಲ್ಲ.

ಈ ಗೋಡೆ ಒಡೆದವರು ಯಾರು? ಯಾವುದೋ ದೊಡ್ಡ ಕಂಪನಿ ಬಂದು ಮೊದಲ ಏಟು ಹಾಕಲಿಲ್ಲ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡಕ್ಕೆ ಒಂದು ಕೀಲಿಮಣೆ ವಿನ್ಯಾಸ ಮಾಡಿದರು. ನಮ್ಮ ವರ್ಣಮಾಲೆಯ ತರ್ಕ ಹಿಡಿದುಕೊಂಡು, ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ಕೂರಿಸಿದರು. ನುಡಿ ತಂತ್ರಾಂಶದಲ್ಲಿ ಇವತ್ತು ಬೆರಳಾಡಿಸುವ ಪ್ರತಿಯೊಬ್ಬ ಗುಮಾಸ್ತರೂ ಆ ವಿನ್ಯಾಸದ ಋಣದಲ್ಲಿದ್ದಾರೆ. 1996ರಲ್ಲಿ ಯು.ಬಿ. ಪವನಜ ಅವರು 'ವಿಶ್ವಕನ್ನಡ' ಅಂತರ್ಜಾಲ ಪತ್ರಿಕೆ ಶುರು ಮಾಡಿದರು. ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದೇ 1995ರ ಆಗಸ್ಟ್ 15ಕ್ಕೆ, ನೆನಪಿರಲಿ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ದೂರದ ದೇಶಗಳಲ್ಲಿದ್ದ ಕನ್ನಡಿಗರು ಮನೆಯವರಿಗೆ ಕನ್ನಡದಲ್ಲೇ ಕಾಗದ ಬರೆಯೋ ಹಾಗಾಯಿತು. ಪೂರ್ಣಚಂದ್ರ ತೇಜಸ್ವಿ ಅವರಂಥ ಸಾಹಿತಿ ಮೂಡಿಗೆರೆಯ ತೋಟದಲ್ಲಿ ಕೂತು ಕನ್ನಡ ತಂತ್ರಾಂಶ ಬೇಕು ಅಂತ ಪಟ್ಟು ಹಿಡಿದರು.

ಇವೆಲ್ಲದರ ಜೊತೆಗೆ ಬಂದದ್ದು ಯೂನಿಕೋಡ್. 3200ರಿಂದ 3327ರವರೆಗೆ 128 ನಂಬರ್‌ಗಳು ಕನ್ನಡಕ್ಕೇ ಸ್ವಂತ. 'ಅ' ಅಂದರೆ 3205, 'ಕ' ಅಂದರೆ 3221. ಬಾಡಿಗೆ ಮನೆಯಿಂದ ಸ್ವಂತ ಮನೆಗೆ ಬಂದ ಹಾಗೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಫಾಂಟ್ ಒಳಗೇ ಇತ್ತು, ಅದರ ಹೆಸರು 'ತುಂಗಾ'. 2003ರಲ್ಲಿ ಕನ್ನಡ ವಿಕಿಪೀಡಿಯ. 2011ರಲ್ಲಿ ಗೂಗಲ್ ಅನುವಾದಕ್ಕೆ ಕನ್ನಡ ಸೇರಿತು. 2012ರಲ್ಲಿ ಆಂಡ್ರಾಯ್ಡ್ ಫೋನಿಗೆ ಕನ್ನಡ ಬಂತು. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗ ಆಯಿತು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ 'ಅಲರ್' ಅನ್ನೋ ಹೆಸರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದುಕೊಂಡಿತು.

ಅಂದರೆ ದಾರಿಯಲ್ಲಿದ್ದ ಕಲ್ಲು ಮುಳ್ಳೆಲ್ಲಾ ತೆಗೆದಾಯಿತು. ಈಗ ನಾವೇನು ಮಾಡ್ತಿದ್ದೀವಿ? ಫೋನ್ ತೆಗೆದು ಅಮ್ಮನಿಗೆ 'ಊಟ ಆಯ್ತಾ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಕಳಿಸ್ತಿದ್ದೀವಿ.

ನ್ಯೂಸ್ ರೂಮಿನಲ್ಲಿ ನಾನಿದನ್ನು ದಿನಾ ನೋಡ್ತೀನಿ. ಸೊಗಸಾಗಿ ಕನ್ನಡ ಮಾತಾಡುವ ಹುಡುಗರು, ಅಚ್ಚ ಹಳ್ಳಿಯಿಂದ ಬಂದವರು, ಫೀಲ್ಡಿನಿಂದ ಸುದ್ದಿ ಕಳಿಸುವಾಗ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟುತ್ತಾರೆ. ಹಲ್ಲಿ ಅಂತ ಬರೆದರೂ ಅದೇ ಕಾಗುಣಿತ, ಹಳ್ಳಿ ಅಂತ ಬರೆದರೂ ಅದೇ ಕಾಗುಣಿತ. ಮನೆಯೂ ಒಂದೇ, ಮಣೆಯೂ ಒಂದೇ. ಓದುವವರು ಸಂದರ್ಭ ನೋಡಿ ಅರ್ಥ ಮಾಡ್ಕೋಬೇಕು. ಕನ್ನಡ ಗೊತ್ತಿರುವವನು ಮಾಡಿಕೊಳ್ಳುತ್ತಾನೆ, ಒಪ್ಪಿದೆ. ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹುಟ್ಟಿ, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಮಾತ್ರ ನೋಡಿದ ಮಗುವಿಗೆ ಲ ಬೇರೆ, ಳ ಬೇರೆ ಅಂತ ಹೇಳಿಕೊಡುವವರು ಯಾರು?

ಇಲ್ಲೇ ನನಗೆ ಆ ರಳ ನೆನಪಾಗೋದು. ನಾಲಿಗೆ ಬಿಟ್ಟಿದ್ದಕ್ಕೆ ೞ ಹೋಗಿ ಳ ಆಯಿತು, ಅದಕ್ಕೆ ಶತಮಾನಗಳೇ ಹಿಡಿದವು. ಈಗ ಬೆರಳು ಬಿಡುತ್ತಿರುವುದರಿಂದ ಳ ಹೋಗಿ ಲ ಆಗುವ ಸಾಧ್ಯತೆ ಇದೆ. ಇದಕ್ಕೆ ಅಷ್ಟು ಕಾಲ ಬೇಕಾಗಲ್ಲ.

ಹಾಗಂತ ಇಂಗ್ಲಿಷ್ ಪದಗಳ ಮೇಲೆ ನನಗೇನೂ ಸಿಟ್ಟಿಲ್ಲ. 'ಫಾರ್ವರ್ಡ್ ಮಾಡು', 'ಸ್ಟೇಟಸ್ ಹಾಕು' ಅಂದ ಕೂಡಲೇ ಕನ್ನಡ ಸತ್ತುಹೋಯಿತು ಅಂತ ಎದೆ ಬಡ್ಕೊಳ್ಳೋರಿದ್ದಾರೆ. ಜಮೀನು ಎಲ್ಲಿಂದ ಬಂತು? ಪಾರಸಿ ಕಡೆಯಿಂದ. ಚಾವಿ ಪೋರ್ಚುಗೀಸರದ್ದು. ಮಾಡು, ಹಾಕು ಅನ್ನೋ ಎರಡು ಕ್ರಿಯಾಪದ ಸೇರಿಸಿ ಯಾವ ಪದವನ್ನಾದರೂ ಜೀರ್ಣ ಮಾಡಿಕೊಳ್ಳುವ ಹೊಟ್ಟೆ ಕನ್ನಡಕ್ಕಿದೆ. ಪದ ಬಂದರೆ ಭಾಷೆ ಬೆಳೆಯುತ್ತೆ. ಲಿಪಿ ಹೋದರೆ ಮಾತ್ರ ಹಿಂದಿನದ್ದೆಲ್ಲಾ ಹೋಗುತ್ತೆ. ಕನ್ನಡ ಮಾತಾಡಬಲ್ಲ, ಆದರೆ ಓದಲಾರದ ಹುಡುಗನಿಗೆ ಕುವೆಂಪು ಪುಸ್ತಕವೂ ಒಂದೇ, ಅಜ್ಜಿ ಬರೆದಿಟ್ಟ ಹಳೇ ಕಾಗದವೂ ಒಂದೇ. ಎರಡೂ ಮುಚ್ಚಿದ ಬಾಗಿಲು.

ಇನ್ನೊಂದು ಲೆಕ್ಕವೂ ಇದೆ, ಇದು ನನ್ನೊಳಗಿನ ಇಂಜಿನಿಯರ್ ಹೇಳುವ ಲೆಕ್ಕ. ನಾಳೆ ನಿಮ್ಮ ಜೊತೆ ಮಾತಾಡುವ, ನಿಮ್ಮ ಅರ್ಜಿ ಬರೆಯುವ, ರೋಗದ ಬಗ್ಗೆ ಮಾಹಿತಿ ಕೊಡುವ ಯಂತ್ರಗಳು ಭಾಷೆ ಕಲಿಯೋದು ನಾವು ಬರೆದಿಟ್ಟದ್ದರಿಂದಲೇ. ಹಳೇ ಫಾಂಟುಗಳಲ್ಲಿ ಟೈಪಾದ ಎಷ್ಟೋ ಪುಸ್ತಕಗಳು, ಕಡತಗಳು, ಜಿಲ್ಲಾ ಪತ್ರಿಕೆಗಳು ಯೂನಿಕೋಡಿಗೆ ಬದಲಾಗದೇ ಅದೇ ವೇಷದಲ್ಲಿ ಬಿದ್ದಿವೆ. ಯಂತ್ರದ ಪಾಲಿಗೆ ಅವು ಕನ್ನಡವೇ ಅಲ್ಲ. ಅದರ ಮೇಲೆ ನಾವು ಹೊಸದಾಗಿ ಬರೆಯೋದೂ ಇಂಗ್ಲಿಷ್ ಅಕ್ಷರದಲ್ಲಾದರೆ ಅದು ಕಲಿಯುವ ಕನ್ನಡ ಎಂಥದ್ದಿರಬಹುದು, ನೀವೇ ಯೋಚನೆ ಮಾಡಿ.

ಸರ್ಕಾರ ಮಾಡಬೇಕಾದ ಕೆಲಸ ಇದ್ದೇ ಇದೆ. ಆ ಕಡತಗಳನ್ನು, ಪುಸ್ತಕಗಳನ್ನು ಯೂನಿಕೋಡಿಗೆ ತರಬೇಕು. ಅದನ್ನು ಕೇಳೋಕೆ ನಾವು ಸ್ಟುಡಿಯೋದಲ್ಲಿ ಇದ್ದೇವೆ, ಕೇಳುತ್ತಲೇ ಇರ್ತೀವಿ. ಆದರೆ ನಿಮ್ಮ ಫೋನಿನ ಸೆಟ್ಟಿಂಗ್ಸ್ ಬದಲಾಯಿಸೋಕೆ ಯಾವ ಮಂತ್ರಿಯ ಸಹಿಯೂ ಬೇಡ. ಕೀಬೋರ್ಡಿಗೆ ಹೋಗಿ ಕನ್ನಡ ಸೇರಿಸಿ. ಮೊದಲ ವಾರ ಕಷ್ಟ ಆಗುತ್ತೆ, ಒತ್ತಕ್ಷರ ಎಲ್ಲಿದೆ ಅಂತ ಹುಡುಕಬೇಕಾಗುತ್ತೆ. ಎರಡನೇ ವಾರ ಬೆರಳೇ ದಾರಿ ಕಂಡುಕೊಳ್ಳುತ್ತೆ. ಇವತ್ತು ರಾತ್ರಿ ಒಂದೇ ಒಂದು ಮೆಸೇಜು ಕನ್ನಡ ಅಕ್ಷರದಲ್ಲಿ ಕಳಿಸಿ. ಅದರಲ್ಲಿ ಒಂದಾದರೂ ಳ ಇರಲಿ.