ಪುಂಡಲೀಕನ ಇಟ್ಟಿಗೆ, ಮೇರಿಯ ಪತ್ರ

ಪಂಢರಪುರದ ಕಥೆ ನಿಮಗೆ ಗೊತ್ತೇ ಇರುತ್ತೆ. ಪುಂಡಲೀಕ ಅಪ್ಪ-ಅಮ್ಮನ ಕಾಲು ಒತ್ತುತ್ತಾ ಕೂತಿದ್ದಾನೆ. ಬಾಗಿಲಿಗೆ ಸಾಕ್ಷಾತ್ ದೇವರೇ ಬಂದು ನಿಲ್ಲುತ್ತಾನೆ. ಪುಂಡಲೀಕ ಏಳೋದಿಲ್ಲ. ಒಂದು ಇಟ್ಟಿಗೆ ಎಸೆದು, ಇದರ ಮೇಲೆ ನಿಂತಿರು, ಇವರ ಸೇವೆ ಮುಗಿಸಿ ಬರ್ತೀನಿ ಅಂತಾನೆ. ದೇವರು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಾನೆ. ಇವತ್ತಿಗೂ ಹಾಗೇ ನಿಂತಿದ್ದಾನೆ.

ಎಲ್ಲರೂ ಪುಂಡಲೀಕನ ಸೇವೆಯನ್ನು ಹೊಗಳುತ್ತಾರೆ. ನನಗೆ ಇಷ್ಟವಾಗೋದು ವಿಠ್ಠಲನ ತಾಳ್ಮೆ. ಕಾಯೋಕೆ ಒಪ್ಪಿದನಲ್ಲ! ಅಪ್ಪನನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯುವ ಇಪ್ಪತ್ತನಾಲ್ಕರ ಹುಡುಗಿ ತನ್ನ ಮ್ಯಾನೇಜರ್‌ಗೆ ಇಟ್ಟಿಗೆ ತೋರಿಸೋಕಾಗುತ್ತಾ? ಸೆಮಿಸ್ಟರ್ ಪರೀಕ್ಷೆ, ಕ್ಯಾಂಪಸ್ ಇಂಟರ್‌ವ್ಯೂ, ಅಪ್ರೈಸಲ್, ಯಾವುದೂ ನಿಂತು ಕಾಯಲ್ಲ.

ಮನೆಯಲ್ಲಿ ಒಬ್ಬರನ್ನು ನೋಡಿಕೊಳ್ಳುವ ಎಳೆಯರಿಗೆ ಸಮಾಜ ಏನಾದ್ರೂ ಕೊಡಬೇಕು ಅನ್ನೋ ಯೋಚನೆ ಕಾನೂನಿನವರೆಗೆ ಹೋದದ್ದು ಹೇಗೆ ಅಂತ ಹುಡುಕುತ್ತಾ ಹೋದೆ. ದಾರಿ ಬ್ರಿಟನ್ನಿಗೆ ಕರೆದೊಯ್ದಿತು, ಮೇರಿ ವೆಬ್‌ಸ್ಟರ್ ಎಂಬ ಹೆಣ್ಣುಮಗಳ ಬಳಿಗೆ.

ಮೇರಿ ಚರ್ಚೊಂದರಲ್ಲಿ ಪಾದ್ರಿಯಾಗಿದ್ದವರು. 1954ರಲ್ಲಿ, 31ನೇ ವಯಸ್ಸಿಗೆ, ಕಾಯಿಲೆ ಬಿದ್ದ ಅಪ್ಪ-ಅಮ್ಮನನ್ನು ನೋಡಿಕೊಳ್ಳೋಕೆ ಆ ಕೆಲಸ ಬಿಟ್ಟರು. ಮದುವೆಯಾಗದ ಮಗಳು ತಾನೇ, ಅವಳಲ್ಲದೆ ಇನ್ಯಾರು ಮಾಡ್ತಾರೆ ಅನ್ನೋ ಲೆಕ್ಕಾಚಾರ ಅಲ್ಲೂ ಇತ್ತು. ಒಂಬತ್ತು ವರ್ಷ ಕಳೆದ ಮೇಲೆ, 1963ರಲ್ಲಿ, ಅವರು ಪತ್ರಿಕೆಗಳಿಗೆ ಬರೆದರು. ತನ್ನಂಥವರ ಬದುಕು ಗೃಹಬಂಧನದ ಹಾಗಿದೆ ಅನ್ನೋದು ಅದರ ಸಾರ. ನೂರಾರು ಹೆಂಗಸರಿಂದ ಉತ್ತರ ಬಂತು. ಅಲ್ಲಿಯವರೆಗೆ ಪ್ರತಿಯೊಬ್ಬರೂ ಇದು ತಮ್ಮ ಮನೆಯ ಹಣೆಬರಹ ಅಂದುಕೊಂಡಿದ್ದವರು.

1965ರಲ್ಲಿ ಮೇರಿ ಒಂದು ಸಂಘ ಕಟ್ಟಿದರು. ಅದರ ಹೆಸರನ್ನು ಕನ್ನಡಕ್ಕೆ ತಂದರೆ 'ಒಂಟಿ ಮಹಿಳೆ ಮತ್ತು ಆಕೆಯ ಅವಲಂಬಿತರ ರಾಷ್ಟ್ರೀಯ ಮಂಡಳಿ' ಅಂತಾಗುತ್ತೆ. ಎರಡೇ ವರ್ಷಕ್ಕೆ, 1967ರಲ್ಲಿ, ಇಂಥವರಿಗೆ ತೆರಿಗೆಯಲ್ಲಿ ಒಂದಿಷ್ಟು ರಿಯಾಯಿತಿ ಸಿಕ್ಕಿತು. 1969ರಲ್ಲಿ ಮೇರಿ ತೀರಿಕೊಂಡರು, ಐವತ್ತೂ ತುಂಬಿರಲಿಲ್ಲ. ಅವರ ನಂತರ, 1976ರಲ್ಲಿ, ಆರೈಕೆಗಾಗಿ ಕೆಲಸ ಬಿಟ್ಟವರಿಗೆ ಸರ್ಕಾರಿ ಭತ್ಯೆಯೂ ಬಂತು.

ಆದರೆ ಮದುವೆಯಾದ ಹೆಂಗಸರಿಗೆ ಆ ಭತ್ಯೆ ಇಲ್ಲ. ಅವರು ಹೇಗಿದ್ರೂ ಮನೇಲೇ ಇರ್ತಾರಲ್ಲ ಅನ್ನೋ ವಾದ! ತಾಯಿಯನ್ನು ನೋಡಿಕೊಳ್ಳೋಕೆ ಕೆಲಸ ಬಿಟ್ಟಿದ್ದ ಜಾಕಿ ಡ್ರೇಕ್ ಎಂಬ ಗೃಹಿಣಿ ಇದನ್ನು ಪ್ರಶ್ನಿಸಿದರು. ಪ್ರಕರಣ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. ಇದು ತಾರತಮ್ಯ ಅಂತ 1986ರಲ್ಲಿ ತೀರ್ಪು ಬಂತು. 'ಕೇರರ್' ಅನ್ನೋ ಪದ ಅಲ್ಲಿ ಜನರ ಬಾಯಿಗೆ ಬಂದದ್ದೂ ಈ ಹೋರಾಟಗಳ ವರ್ಷಗಳಲ್ಲೇ.

ಇಷ್ಟಾದರೂ ಒಂದು ಗುಂಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ: ಶಾಲೆಗೆ ಹೋಗುವ ಮಕ್ಕಳು. ಬೆಳಿಗ್ಗೆ ಎದ್ದು ಅಮ್ಮನಿಗೆ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ತಮ್ಮನನ್ನು ಹೊರಡಿಸಿ, ಆಮೇಲೆ ತಾವು ತಡವಾಗಿ ಕ್ಲಾಸಿಗೆ ಹೋಗಿ ಬೈಸಿಕೊಳ್ಳುವವರು. ಲಫ್‌ಬರೋ ವಿಶ್ವವಿದ್ಯಾಲಯದ ಜೋ ಆಲ್ಡ್ರಿಜ್ ಮತ್ತು ಸಾಲ್ ಬೆಕರ್ ನಾಟಿಂಗ್‌ಹ್ಯಾಮ್‌ನಲ್ಲಿ ಇಂಥ 15 ಮಂದಿಯನ್ನು ಮಾತಾಡಿಸಿ 1993ರಲ್ಲಿ ವರದಿ ಪ್ರಕಟಿಸಿದರು. ಈ ಮಕ್ಕಳು ಬಾಯಿಬಿಡದೇ ಇರೋಕೆ ದೊಡ್ಡ ಕಾರಣ ಭಯ. ಹೇಳಿದರೆ ಅಧಿಕಾರಿಗಳು ಬಂದು ನಮ್ಮನ್ನು ಅಪ್ಪ-ಅಮ್ಮನಿಂದ ಬೇರೆ ಮಾಡಿಬಿಟ್ಟರೆ ಅನ್ನೋ ಭಯ. ಸಹಾಯ ಮಾಡಬೇಕಾದ ಇಲಾಖೆಗೇ ಹೆದರಿ ಬಚ್ಚಿಡೋದು ಅಂದ್ರೆ ಯೋಚಿಸಿ.

ಆಮೇಲಿನ ಇತಿಹಾಸ ಸ್ವಲ್ಪ ಬೇಗ ಸಾಗುತ್ತೆ. ಮಾಲ್ಕಮ್ ವಿಕ್ಸ್ ಎಂಬ ಸಂಸದ ಮಂಡಿಸಿದ ಖಾಸಗಿ ಮಸೂದೆ 1995ರಲ್ಲಿ ಕಾನೂನಾಯಿತು. ರೋಗಿಯ ಅಗತ್ಯದ ಜೊತೆಗೆ ನೋಡಿಕೊಳ್ಳುವವರ ಸ್ಥಿತಿಯನ್ನೂ ಅಂದಾಜು ಮಾಡಿ ಅಂತ ಕೇಳುವ ಹಕ್ಕು ಅದರಲ್ಲಿತ್ತು, ಮಕ್ಕಳಿಗೂ ಸೇರಿ. 2001ರ ಜನಗಣತಿಯಲ್ಲಿ ಮೊದಲ ಬಾರಿ, ಸಂಬಳವಿಲ್ಲದೆ ಯಾರನ್ನಾದರೂ ನೋಡಿಕೊಳ್ತೀರಾ ಅನ್ನೋ ಪ್ರಶ್ನೆ ಬಂತು. 2011ರ ಗಣತಿಯಲ್ಲಿ ಇಂಗ್ಲೆಂಡ್ ಒಂದರಲ್ಲೇ 5ರಿಂದ 17 ವರ್ಷದ 1,66,363 ಮಕ್ಕಳು ಲೆಕ್ಕಕ್ಕೆ ಸಿಕ್ಕರು. 2014ರ ಕಾನೂನು, ಮಕ್ಕಳು ಬಂದು ಕೇಳಲಿ ಅಂತ ಕೂರಬೇಡಿ, ನೀವೇ ಹುಡುಕಿ ಅಂತ ಇಂಗ್ಲೆಂಡಿನ ಸ್ಥಳೀಯ ಆಡಳಿತಗಳಿಗೆ ಹೇಳಿತು. ಸ್ಕಾಟ್ಲೆಂಡ್ 2019ರಲ್ಲಿ 16ರಿಂದ 18 ವರ್ಷದವರಿಗೆ ವರ್ಷಕ್ಕೆ 300 ಪೌಂಡ್ ಕೊಡೋಕೆ ಶುರುಮಾಡಿತು. ಅದನ್ನು ಯಾವುದಕ್ಕೆ ಬೇಕಾದ್ರೂ ಖರ್ಚು ಮಾಡಿಕೊಳ್ಳಬಹುದು.

ಹಾಗಂತ ಅಲ್ಲಿ ಎಲ್ಲಾ ಸರಿಹೋಯ್ತು ಅಂತಲ್ಲ. ವಾರಕ್ಕೆ 21 ಗಂಟೆ ಅಥವಾ ಹೆಚ್ಚು ಓದುವ ವಿದ್ಯಾರ್ಥಿಗೆ ಇಂಗ್ಲೆಂಡಿನಲ್ಲಿ ಆರೈಕೆ ಭತ್ಯೆ ಸಿಗಲ್ಲ. ಓದು, ಇಲ್ಲಾ ಭತ್ಯೆ ತಗೋ ಅಂದ ಹಾಗೆ. ನೌಕರಿ ಮಾಡುವವರಿಗೆ ಆರೈಕೆ ರಜೆ ಹಕ್ಕಾಗಿ ಸಿಕ್ಕಿದ್ದು 2024ರ ಏಪ್ರಿಲ್‌ನಲ್ಲಿ. ವರ್ಷಕ್ಕೆ ಒಂದೇ ವಾರ, ಅದೂ ಸಂಬಳವಿಲ್ಲದೆ. ಮೇರಿಯ ಪತ್ರದಿಂದ ಆ ಒಂದು ವಾರಕ್ಕೆ ಬರೋಕೆ 61 ವರ್ಷ ಹಿಡೀತು.

ಈ ಕಥೆಯಲ್ಲಿ ನಾನು ಗಮನಿಸಿದ್ದು ಒಂದು ಕ್ರಮ. ಮೊದಲು ಯಾರೋ ತಮ್ಮ ಪಾಡನ್ನು ಹೇಳಿಕೊಂಡರು. ಆಮೇಲೆ ಅವರಿಗೊಂದು ಹೆಸರು ಬಂತು. ಹೆಸರಿದ್ದದ್ದಕ್ಕೆ ಎಣಿಸೋಕೆ ಸಾಧ್ಯವಾಯ್ತು. ಎಣಿಸಿದ ಮೇಲೆ ಹಕ್ಕು ಗಟ್ಟಿಯಾಯ್ತು. ಎಳೆಯರ ವಿಷಯದಲ್ಲಿ ಮೊದಲ ಮೆಟ್ಟಿಲೇ ತಡವಾದ್ದರಿಂದ ಎಲ್ಲವೂ ತಡವಾಯ್ತು.

ನಾವು ಯಾವ ಮೆಟ್ಟಿಲಲ್ಲಿದ್ದೀವಿ? ಕನ್ನಡದಲ್ಲಿ ಈ ಕೆಲಸಕ್ಕೆ ಚೆಂದದ ಕ್ರಿಯಾಪದ ಇದೆ: ನೋಡಿಕೊಳ್ಳೋದು. ಅಮ್ಮನ್ನ ನೋಡ್ಕೋತಾ ಇದೀನಿ ಅಂತೀವಿ. ನೋಡ್ಕೊಳ್ಳೋರಿಗೆ ಮಾತ್ರ ಹೆಸರಿಲ್ಲ. 'ಆರೈಕೆದಾರ' ಅನ್ನೋ ಪದ ಕಡತಗಳಲ್ಲಿ ಉಂಟು. ನಾನು ಆರೈಕೆದಾರಳು ಅಂತ ಯಾರಾದ್ರೂ ಪರಿಚಯ ಮಾಡಿಕೊಂಡದ್ದು ನಾನಂತೂ ಕೇಳಿಲ್ಲ. ನಾನು ಮಗಳು, ಮಾಡ್ತೀನಿ ಅಷ್ಟೇ ಅಂತಾರೆ.

ಕಾನೂನಿನ ಕಥೆಯೂ ಹಾಗೇ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ವಯಸ್ಕ ಮಕ್ಕಳ ಕರ್ತವ್ಯವನ್ನು ಸ್ಪಷ್ಟವಾಗಿ ಹೇಳುತ್ತೆ. ಹಿರಿಯರನ್ನು ಕೈಬಿಟ್ಟರೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. ಬೇಕಾದ ಕಾನೂನೇ. ಆದರೆ ಕೈಬಿಡದೆ ನೋಡಿಕೊಳ್ತಾ ಇರೋ ಇಪ್ಪತ್ತೆರಡರ ಹುಡುಗನ ಓದು, ನಿದ್ದೆ, ಕೆಲಸ ಏನಾಗ್ತಿದೆ ಅಂತ ಅದು ಕೇಳಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆರೈಕೆದಾರರ ಭತ್ಯೆಯ ಮಾತು ಬರುತ್ತೆ, ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗಾಗಿ, ಅದೂ ಸರ್ಕಾರದ ಆರ್ಥಿಕ ಮಿತಿಯೊಳಗೆ. ಅಂದ್ರೆ ಬಾಗಿಲು ಸ್ವಲ್ಪ ತೆರೆದಿದೆ, ಅಷ್ಟೇ.

ಕಾನೂನು ಬರೋವರೆಗೆ ನಮ್ಮ ಕೈಲಿ ಏನೂ ಇಲ್ವಾ? ಇದನ್ನು ಓದ್ತಿರೋ ನಿಮ್ಮಲ್ಲಿ ಕೆಲವರು ಈಗ ಟೀಮ್ ಲೀಡ್‌ಗಳು, ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂರೋರು. ರೆಸ್ಯೂಮೆಯಲ್ಲಿ ಎರಡು ವರ್ಷ ಖಾಲಿ ಇದ್ದರೆ ಗ್ಯಾಪ್ ಯಾಕೆ ಅಂತ ಹುಬ್ಬು ಹಾರಿಸೋದು ರೂಢಿ. ಆ ಎರಡು ವರ್ಷದಲ್ಲಿ ಎದುರಿಗೆ ಕೂತ ಹುಡುಗಿ ಪಾರ್ಶ್ವವಾಯು ಬಡಿದ ತಂದೆಯನ್ನು ಮತ್ತೆ ನಡೆಯೋ ಹಾಗೆ ಮಾಡಿರಬಹುದು. ಔಷಧಿಯ ವೇಳಾಪಟ್ಟಿ, ವಿಮೆಯ ಕಾಗದಪತ್ರ, ಮಧ್ಯರಾತ್ರಿ ಆಂಬ್ಯುಲೆನ್ಸ್, ಎಲ್ಲಾ ಒಬ್ಬಳೇ ನಿಭಾಯಿಸಿರಬಹುದು. ಅವಳು 'ಪರ್ಸನಲ್ ರೀಸನ್ಸ್' ಅಂತ ಎರಡು ಪದದಲ್ಲಿ ಮುಗಿಸಿ ತಲೆ ತಗ್ಗಿಸಿದಾಗ, 'ಮನೇಲಿ ಯಾರನ್ನಾದ್ರೂ ನೋಡ್ಕೋತಿದ್ರಾ?' ಅಂತ ಮೆತ್ತಗೆ ಕೇಳಿ ನೋಡಿ. ಹೇಳೋದೂ ಬಿಡೋದೂ ಅವಳಿಗೇ ಬಿಡಿ. ಹೇಳಿದರೆ, ಅದನ್ನು ಅನುಭವದ ಲೆಕ್ಕದಲ್ಲಿ ಬರೆದುಕೊಳ್ಳಿ.