ವಿದ್ಯಾಪತಿಯ ಪದವಿ, ಘಟಿಕೆಯ ಹೊಲ

ಓದು ಮುಗಿಸಿದವರು ಹುದ್ದೆ ಅರಸಿ ಇಂದು ಫ್ರಾನ್ಸಿನ ಪ್ರಯೋಗಾಲಯಗಳಿಗೆ ಅರ್ಜಿ ಹಾಕುತ್ತಾರೆ. 11ನೆಯ ಶತಮಾನದಲ್ಲಿ ಅಂಥವರು ದೂರದಿಂದ ಬರುತ್ತಿದ್ದ ಊರುಗಳಲ್ಲಿ ಹುಮನಾಬಾದಿನ ನೆರೆಯ ಕಲ್ಯಾಣವೂ (ಇಂದಿನ ಬಸವಕಲ್ಯಾಣ) ಒಂದು. ಕವಿ ಬಿಲ್ಹಣ ಕಾಶ್ಮೀರ ಬಿಟ್ಟು ಮಥುರೆ, ಕನ್ನೌಜ್, ಪ್ರಯಾಗ, ಕಾಶಿ ಸುತ್ತಿದ, ಡಾಹಲದ ಕರ್ಣನ ಆಸ್ಥಾನದಲ್ಲಿ ಕೆಲಕಾಲ ನಿಂತ, ಗುಜರಾತು ಹಿಡಿಸಲಿಲ್ಲ. ರಾಮೇಶ್ವರದವರೆಗೂ ಅಲೆದ ಮೇಲೆ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ರಾಜಧಾನಿ ಕಲ್ಯಾಣದಲ್ಲಿ ‘ವಿದ್ಯಾಪತಿ’ ಪದವಿ ದಕ್ಕಿತು. ಇದೆಲ್ಲ ಅವನದೇ ‘ವಿಕ್ರಮಾಂಕದೇವಚರಿತ’ದ ಕೊನೆಯ ಸರ್ಗದಲ್ಲಿದೆ. ಹೊಗಳುಭಟ್ಟನ ಮಾತನ್ನು ನಂಬುವುದು ಹೇಗೆ ಎಂದು ಕೇಳಬಹುದು. ಆದರೆ ಕರ್ಣಾಟದ ದೊರೆ ಅವನನ್ನು ವಿದ್ಯಾಪತಿ ಮಾಡಿದ್ದನ್ನು, ಕಲ್ಯಾಣದ ಹಂಗಿಲ್ಲದ ಕಾಶ್ಮೀರದ ಇತಿಹಾಸಕಾರ ಕಲ್ಹಣನೂ 12ನೆಯ ಶತಮಾನದ ‘ರಾಜತರಂಗಿಣಿ’ಯಲ್ಲಿ ದಾಖಲಿಸಿದ್ದಾನೆ. ತವರಿನಲ್ಲಿ ಕಾಶ್ಮೀರದ ದೊರೆ ಹರ್ಷನು ಕವಿಗಳಿಗೆ ಕೈಯೆತ್ತಿ ಕೊಡುವುದನ್ನು ಕೇಳಿ, ಬಿಲ್ಹಣನಿಗೆ ತನ್ನ ಇಷ್ಟು ವೈಭವವೂ ಹುಸಿಯೆನಿಸಿತೆಂದು ಕಲ್ಹಣನೇ ಸೇರಿಸುತ್ತಾನೆ.

ಈ ವೈಭವವೆಲ್ಲ ದೊರೆಯ ಉದಾರ ಮನಸ್ಸಿನಿಂದ ಬಂದದ್ದು ಎಂದು ನಮ್ಮ ಇತಿಹಾಸದ ಪುಸ್ತಕಗಳು ಸುಲಭವಾಗಿ ಬರೆದುಬಿಡುತ್ತವೆ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಗುಡಿಯನ್ನು ನೋಡಿದರೆ ಹಾಗೆನಿಸುವುದು ಸಹಜ: ಅಲ್ಲಿ ಗೋಡೆಯ ಹೆಣ್ಣೊಬ್ಬಳು ಫಲಕದ ಮೇಲೆ ಅಕ್ಷರ ಬರೆಯುತ್ತಿದ್ದಾಳೆ, ಆ ಸಂಸ್ಕೃತ ಸಾಲು ವಿಕ್ರಮಾದಿತ್ಯನ ಸ್ತುತಿ. ನನಗೆ ಹೆಚ್ಚು ತೂಕದ್ದೆನಿಸುವ ಸಾಕ್ಷಿ ಚಿತ್ತಾಪುರದ ಬಳಿಯ ನಾಗಾವಿಯಲ್ಲಿದೆ. ಒಂದನೆಯ ಸೋಮೇಶ್ವರನ ಕಾಲದಲ್ಲಿ, 1058ರಲ್ಲಿ, ದಂಡನಾಯಕ ಮಧುಸೂದನ ಅಲ್ಲಿನ ಘಟಿಕಾಸ್ಥಾನಕ್ಕೆ, ಎಂದರೆ ವಿದ್ಯಾಕೇಂದ್ರಕ್ಕೆ, ಕೊಟ್ಟ ದತ್ತಿಯ ಶಾಸನ ಅದು. ವೇದ ಓದುವವರು 200, ಶಾಸ್ತ್ರ ಓದುವವರು ಐವತ್ತರಷ್ಟು, ಅವರಿಗೆ ಉಪಾಧ್ಯಾಯರು, ಮೇಲೆ ಆರು ಮಂದಿ ಸರಸ್ವತೀ ಭಂಡಾರಿಗರು, ಎಂದರೆ ಗ್ರಂಥಪಾಲಕರು! ಕಲಿಸುವವರಿಗೂ ಓಲೆಗರಿ ಕಾಯುವವರಿಗೂ ಭೂಮಿ ಹಂಚಿ, ಯಾರಿಗೆ ಎಷ್ಟು ಮತ್ತರು ಎಂಬುದನ್ನು ಕಲ್ಲಿನಲ್ಲಿ ಕಂಡರಿಸಿದ್ದಾರೆ. ಬಿಲ್ಹಣನಿಗೆ ಸಿಕ್ಕ ಆನೆ, ಛತ್ರಿಗಳ ವೈಭವ ದೊರೆಯ ಪ್ರಸನ್ನತೆಯನ್ನು ನೆಚ್ಚಿತ್ತು. ನಾಗಾವಿಯ ಉಪಾಧ್ಯಾಯನ ಅನ್ನ ಹೊಲವನ್ನು ನೆಚ್ಚಿತ್ತು. ಧರ್ಮಶಾಸ್ತ್ರಜ್ಞ ವಿಜ್ಞಾನೇಶ್ವರ ಕಲ್ಯಾಣವನ್ನು ಕೊಂಡಾಡುತ್ತ ‘ಮಿತಾಕ್ಷರ’ವನ್ನು ಮುಗಿಸಿದ್ದು ವಿದ್ಯೆಗೆ ಹೀಗೆ ನೆಲೆ ಕಟ್ಟಿಕೊಟ್ಟ ರಾಜ್ಯದಲ್ಲಿ. ಬ್ರಿಟಿಷರ ಕಾಲದ ನ್ಯಾಯಾಲಯಗಳು ಹಿಂದೂ ಆಸ್ತಿ ವ್ಯಾಜ್ಯಗಳಲ್ಲಿ ಅದೇ ಗ್ರಂಥವನ್ನು ಪ್ರಮಾಣವಾಗಿ ಹಿಡಿದವು. ಇಂದು ಫ್ರಾನ್ಸಿಗೆ ಹೊರಟ ಸಂಶೋಧಕಿಯ ಹುದ್ದೆ ಎರಡು ಮೂರು ವರ್ಷದ್ದಷ್ಟೇ ಆಗಿರಬಹುದು. ಆದರೂ ನಾಗಾವಿಯ ಹೊಲದಂತೆ ಅವಧಿ, ಸಂಬಳ ಕರಾರಿನಲ್ಲಿ ಇರುತ್ತವೆ. ಹೀಗೆ ಬರೆದಿಟ್ಟ ಭರವಸೆಯೇ ಮನೆ ಬಿಡುವ ಧೈರ್ಯ ಕೊಡುತ್ತದೆ.

ಘಟಿಕೆಯ ಬಾಗಿಲು ಬಹುಪಾಲು ಜನರಿಗೆ ಮುಚ್ಚಿತ್ತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಇದನ್ನು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ, ಬಸವಕಲ್ಯಾಣದ ಸೀಮೆಯವರಿಗಂತೂ ಇಲ್ಲವೇ ಇಲ್ಲ. 12ನೆಯ ಶತಮಾನದಲ್ಲಿ ಇದೇ ಊರಿಗೆ ಶರಣರು ಬಂದರು. ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ, ಮರುಳಶಂಕರದೇವ ಅಫಘಾನಿಸ್ತಾನದಿಂದ ಬಂದರೆಂಬುದು ಪರಂಪರೆಯ ಮಾತು. ಅವರು ದತ್ತಿ ಬೇಡಲಿಲ್ಲ. ಮಾರಯ್ಯ ಸೌದೆ ಹೊರೆ ಮಾರಿ ಬದುಕಿದ, ಕನ್ನಡದಲ್ಲಿ ವಚನ ಬರೆದ. ಹಾಗಾದರೆ ಅರಿವಿಗೆ ಕಾಯಕವೊಂದೇ ಸಾಲದೇ? ವಚನಕ್ಕೆ ಸಾಕಾಯಿತು. ಆರು ಮಂದಿ ಕಾಯಬೇಕಾದ ಗ್ರಂಥಭಂಡಾರಕ್ಕೆ, ಇಂದಿನ ಪ್ರಯೋಗಾಲಯಕ್ಕೆ ಅದು ಸಾಲದು. ಅವನ್ನು ನಡೆಸಲು ಊರು, ನಾಡು ಕೈ ಹಾಕಲೇಬೇಕು. ನಾಗಾವಿಯವರು ಹೊಲ ಅಳೆದು ಬರೆದಿಟ್ಟರು, ಕಲ್ಯಾಣದ ಶರಣರು ಜಾತಿ ಕೇಳದೆ ಒಳಗೆ ಕರೆದರು. ಈ ಎರಡೂ ಒಂದೇ ಛಾವಣಿಯ ಕೆಳಗೆ ಕೂಡುವ ಮೊದಲೇ ಕಲ್ಯಾಣವನ್ನಾಳುತ್ತಿದ್ದ ಕಲಚುರಿ ದೊರೆ ಬಿಜ್ಜಳನ ಕೊನೆಯ ದಿನಗಳ ಗಲಭೆ ಶರಣರನ್ನು ಚೆದುರಿಸಿತು.