ಡೆಕ್ಕನ್ ರೇಡಿಯೊದಿಂದ ಡಾಲ್ಬಿಯವರೆಗೆ

ಕೊಂಡ ಮೇಲೆ ವಿಚಾರ ಮಾಡುವವರು ಬಹಳ, ಕೊಳ್ಳುವ ಮುನ್ನ ವಿಚಾರ ಮಾಡುವವರು ವಿರಳ. ನಾವೂ ಮೊದಲ ಗುಂಪಿಗೇ ಸೇರಿದವರೆಂಬುದನ್ನು ಸಂಕೋಚವಿಲ್ಲದೆ ಒಪ್ಪಿಕೊಂಡು ಈ ಲೇಖನವನ್ನು ಆರಂಭಿಸುತ್ತೇವೆ.

2011ರ ದೀಪಾವಳಿಯಲ್ಲಿ ನಗರದ ಒಂದು ಅಂಗಡಿಯಿಂದ ‘ಹೋಮ್ ಥಿಯೇಟರ್’ ಎಂಬ ದೊಡ್ಡ ಪೆಟ್ಟಿಗೆಯನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ತಂದೆವು. ಅದರ ಮೈಮೇಲೆ 5000 ವ್ಯಾಟ್ ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು. ಅಂಗಡಿಯಾತ ಹಾಕಿ ತೋರಿಸಿದ ಇಂಗ್ಲಿಷ್ ಚಿತ್ರದ ಹೆಲಿಕಾಪ್ಟರ್ ನಮ್ಮ ತಲೆಯ ಮೇಲೆಯೇ ಹಾರಿಹೋದಂತಾಗಿ ಮರುಳಾಗಿದ್ದೆವು. ಮನೆಯಲ್ಲಿ ಕನ್ನಡ ಚಿತ್ರವೊಂದನ್ನು ಹಾಕಿದಾಗ ನಮ್ಮ ತಾಯಿಯವರು ಅರ್ಧ ಗಂಟೆ ತಾಳ್ಮೆಯಿಂದ ಕುಳಿತು, “ತಮ್ಮಾ, ಗದ್ದಲ ಭಾಳ ಅದ, ಮಾತೇ ತಿಳೀವಲ್ದು” ಎಂದು ಎದ್ದು ಒಳಗೆ ಹೋದರು. ಅಗ್ಗದ ಆಸೆಗೆ ಮುಗ್ಗಲು ಜೋಳ ಕೊಂಡಂತಾಯಿತು ನಮ್ಮ ಪಾಡು.

ಅಂದಿನಿಂದ ಆ ಪೆಟ್ಟಿಗೆ ಮೂಲೆ ಸೇರಿತ್ತು. ಈಚೆಗೆ ತುಟ್ಟಿಭತ್ಯೆಯ ಬಾಕಿ ಕೈಗೆ ಬಂದಾಗ, ಈ ಸಲ ನಾಲ್ಕು ಕಡೆ ಹೋಲಿಸಿ ನೋಡಿಯೇ ಒಳ್ಳೆಯ ರಿಸೀವರ್ ಕೊಳ್ಳಬೇಕೆಂದು ನಿಶ್ಚಯಿಸಿದೆವು. ಕೋಠಿಯ ಗುಜರಾತಿ ಗಲ್ಲಿಗೆ ಹೊರಡುವ ಹಿಂದಿನ ದಿನ, ಬೇರೇನನ್ನೋ ಹುಡುಕುತ್ತಿದ್ದಾಗ ತಂದೆಯವರ ಟ್ರಂಕಿನ ತಳದಲ್ಲಿ ಅಂಚೆ ಕಚೇರಿಯ ಮುದ್ರೆಗಳಿದ್ದ ಹಳೆಯ ರೇಡಿಯೊ ಲೈಸೆನ್ಸ್ ಪುಸ್ತಕ ಸಿಕ್ಕಿತು. ಅದನ್ನು ಕಂಡು ನಮಗೊಂದು ಯೋಚನೆ ಬಂತು. ರಿಸೀವರನ್ನು ಹೋಲಿಸಿ ಕೊಳ್ಳುವ ಪ್ರಶ್ನೆ ನಮಗೇ ಮೊದಲು ಬಂದದ್ದಲ್ಲ. ಈ ಊರಿನ ಕನ್ನಡಿಗರು ಎರಡು ಮೂರು ತಲೆಮಾರುಗಳಿಂದ ಅದನ್ನು ಕೇಳಿಕೊಂಡೇ ಬಂದಿದ್ದಾರೆ. ಹಾಗಾದರೆ ಅವರು ಏನನ್ನು ನೋಡಿ ಕೊಳ್ಳುತ್ತಿದ್ದರು?

ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ದೇಶದಲ್ಲಿ ಕ್ರಮಬದ್ಧ ಪ್ರಸಾರ ಆರಂಭವಾದದ್ದು 1927ರ ಜುಲೈ 23ರಂದು, ಮುಂಬಯಿಯಲ್ಲಿ. ಅದಕ್ಕೆ ಎಂಟು ವರ್ಷಗಳ ತರುವಾಯ, 1935ರಲ್ಲಿ, ಒಂದೇ ವರ್ಷದಲ್ಲಿ ಎರಡು ದೇಶೀ ಸಂಸ್ಥಾನಗಳಲ್ಲಿ ಕನ್ನಡಿಗರಿಗೆ ಸಂಬಂಧಪಟ್ಟ ಎರಡು ಬಾನುಲಿ ಕೇಂದ್ರಗಳು ತಲೆಯೆತ್ತಿದವು. ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಕೇವಲ 30 ವ್ಯಾಟ್ ಶಕ್ತಿಯ ಯಂತ್ರದಿಂದ ಪ್ರಸಾರ ಮೊದಲು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಆ ಮೈಸೂರಿನ ಕೇಂದ್ರದಿಂದಲೇ ಮುಂದೆ ಇಡೀ ದೇಶಕ್ಕೆ ಹೋಯಿತೆಂಬುದು ನಮಗೆಲ್ಲ ಹೆಮ್ಮೆಯ ಮಾತು.

ಇನ್ನೊಂದು ಕೇಂದ್ರ ನಮ್ಮ ಈ ಹೈದರಾಬಾದಿನದು. ಚಿರಾಗ್ ಅಲಿ ಗಲ್ಲಿಯಲ್ಲಿ ಖಾಸಗಿ ಪ್ರಯತ್ನವಾಗಿ ಹುಟ್ಟಿದ ಚಿಕ್ಕ ಕೇಂದ್ರವನ್ನು ನಿಜಾಮ್ ಸರ್ಕಾರ ವಹಿಸಿಕೊಂಡು, 1935ರ ಫೆಬ್ರವರಿ 3ರಿಂದ 200 ವ್ಯಾಟ್ ಶಕ್ತಿಯಲ್ಲಿ ಡೆಕ್ಕನ್ ರೇಡಿಯೊ ಎಂದು ನಡೆಸಿತು. ಮುಂದೆ ಸರೂರ್‌ನಗರದಲ್ಲಿ ಹೆಚ್ಚು ಶಕ್ತಿಯ ಪ್ರಸಾರಯಂತ್ರ ಬಂತು. ಉರ್ದುವಿಗೆ ಅಗ್ರಸ್ಥಾನವಿದ್ದರೂ ತೆಲುಗು, ಮರಾಠಿಗಳೊಡನೆ ಕನ್ನಡಕ್ಕೂ ಅಲ್ಲಿ ಒಂದಿಷ್ಟು ವೇಳೆ ಇತ್ತು. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವೆಂಬುದನ್ನು ಓದುಗರು ಬಲ್ಲರು. ಆ ಕಾಲಕ್ಕೆ ಈ ಊರಿನ ಕನ್ನಡಿಗ ಪರಸ್ಥಳದವನಲ್ಲ, ತನ್ನ ರಾಜಧಾನಿಯಲ್ಲೇ ಇದ್ದವನು. ಈ ನಗರದಿಂದ ಹೊರಟ ಕನ್ನಡ ಅವನ ತವರು ಜಿಲ್ಲೆಯ ಕಡೆಗೆ ಹೋಗುತ್ತಿತ್ತು. 1950ರ ಏಪ್ರಿಲ್ 1ರಂದು ಭಾರತ ಸರ್ಕಾರ ಡೆಕ್ಕನ್ ರೇಡಿಯೊವನ್ನು ವಹಿಸಿಕೊಂಡಿತು. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಚಿತ್ರವೇ ಬದಲಾಯಿತು. ಕನ್ನಡ ಕೇಳಬೇಕಾದರೆ ನಾವು ಆಚೆಯ ಕೇಂದ್ರಗಳ ಕಡೆಗೆ ಕಿವಿ ತಿರುಗಿಸಬೇಕಾಯಿತು. ಧಾರವಾಡದ ಕೇಂದ್ರ 1950ರಲ್ಲಿ, ಬೆಂಗಳೂರಿನದು 1955ರಲ್ಲಿ, ಗುಲ್ಬರ್ಗಾದ್ದು 1966ರಲ್ಲಿ ಆರಂಭವಾದವು.

ರೇಡಿಯೊ ಕೊಳ್ಳುವ ಪ್ರಶ್ನೆ ಕಠಿಣವಾದದ್ದು ಇಲ್ಲಿಯೇ. ಸ್ಥಳೀಯ ಕೇಂದ್ರವನ್ನು ಎಂಥ ಪೆಟ್ಟಿಗೆಯಾದರೂ ಹಿಡಿದೀತು. ಇನ್ನೂರು ಕಿಲೋಮೀಟರಿಗೂ ಮೀರಿದ ಗುಲ್ಬರ್ಗಾವನ್ನು, ಅದಕ್ಕೂ ದೂರದ ಧಾರವಾಡವನ್ನು ಹಿಡಿಯಬೇಕಾದರೆ ಪೆಟ್ಟಿಗೆಯಲ್ಲಿ ಸತ್ವ ಬೇಕು. ನಮ್ಮ ತಂದೆಯವರು ಗುಲ್ಬರ್ಗಾ ಜಿಲ್ಲೆಯಿಂದ ಇಲ್ಲಿಗೆ ನೌಕರಿಗೆ ಬಂದವರು. 1972ರಲ್ಲಿ ಅವರು ರೇಡಿಯೊ ಕೊಂಡ ಕತೆಯನ್ನು ತಾಯಿಯವರ ಬಾಯಿಂದ ಎಷ್ಟೋ ಸಲ ಕೇಳಿದ್ದೇವೆ. ಅಂಗಡಿಯಲ್ಲಿ ಎರಡು ಪೆಟ್ಟಿಗೆ ಅವರ ಮುಂದಿದ್ದವಂತೆ. ಒಂದು, ಹಸಿರು ಕಣ್ಣಿನ ದೊಡ್ಡ ವಾಲ್ವ್ ರೇಡಿಯೊ. ಇನ್ನೊಂದು, ಕೈಯಲ್ಲಿ ಹಿಡಿದು ತಿರುಗಬಹುದಾದ ಟ್ರಾನ್ಸಿಸ್ಟರ್. ಅಂಗಡಿಯವರು ಸ್ಥಳೀಯ ಕೇಂದ್ರದ ಗಜಲ್ ಹಚ್ಚಿ ತೋರಿಸಿದರು. ಎರಡೂ ಚೆನ್ನಾಗಿಯೇ ಹಾಡಿದವು. ತಂದೆಯವರು ಮಾತ್ರ, “ಇದು ಬ್ಯಾಡ್ರಿ, ಗುಲ್ಬರ್ಗಾ ಹಚ್ಚಿ ತೋರಸ್ರಿ” ಎಂದರಂತೆ. ಹಗಲಿನಲ್ಲಿ ಎರಡೂ ಬರಿಯ ಗೊರಗೊರ ಎಂದವು. “ಹಂಗಾದ್ರ ಸಂಜಿಗೆ ಬರ್ತೀನಿ” ಎಂದು ಎದ್ದು ಬಂದವರು, ದೀಪ ಹಚ್ಚುವ ಹೊತ್ತಿಗೆ ತಾಯಿಯವರನ್ನೂ ಕರೆದುಕೊಂಡು ಮತ್ತೆ ಹೋದರು.

ತಂದೆಯವರು ವಿಜ್ಞಾನ ಓದಿದವರಲ್ಲ. ಆದರೂ ಅವರು ಮಾಡಿದ್ದು ಶುದ್ಧ ವಿಜ್ಞಾನ. ಮಧ್ಯಮ ತರಂಗಗಳನ್ನು ಹಗಲಿನಲ್ಲಿ ವಾಯುಮಂಡಲದ ಮೇಲಿನ ಅಯಾನುಗೋಳದ ಕೆಳಪದರ ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ತರಂಗಗಳು ಮೇಲಿನ ಪದರಕ್ಕೆ ತಾಗಿ ಮರಳಿ, ನೂರಾರು ಮೈಲಿ ದೂರದಲ್ಲಿ ಇಳಿಯುತ್ತವೆ. ರೇಡಿಯೊದ ಯೋಗ್ಯತೆ ತಿಳಿಯಬೇಕಾದರೆ ಕತ್ತಲಾದ ಮೇಲೆಯೇ ಕೇಳಬೇಕು. ಆ ಸಂಜೆ ವಾಲ್ವ್ ರೇಡಿಯೊಗೆ ಹೊರಗಿನ ತಂತಿ ಸಿಕ್ಕಿಸಿದಾಗ, ಹಸಿರು ಕಣ್ಣು ಮೆಲ್ಲಗೆ ಕಿರಿದಾಗಿ, ಗುಲ್ಬರ್ಗಾದ ಮಾತು ಬಿಡಿಬಿಡಿಯಾಗಿ ಕೇಳಿತಂತೆ. ಟ್ರಾನ್ಸಿಸ್ಟರನ್ನು ಎತ್ತ ತಿರುಗಿಸಿದರೂ ದನಿ ಬಂದು ಬಂದು ಹೋಗುತ್ತಿತ್ತು. ಮದುವೆಯಾಗಿ ಹೊಸದಾಗಿ ಈ ಊರಿಗೆ ಬಂದಿದ್ದ ತಾಯಿಯವರು, “ಇದನ್ನೇ ತಗೋರಿ” ಎಂದರು. ಅಷ್ಟೇ ಹೋಲಿಕೆ. ಮರುದಿನ ಮಾಳಿಗೆಯ ಮೇಲೆ ಎರಡು ಬಿದಿರು ನೆಟ್ಟು ತಾಮ್ರದ ತಂತಿ ಕಟ್ಟಿದರು. ಆಗ ವರ್ಷ ವರ್ಷವೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು. ನಮಗೆ ಸಿಕ್ಕಿದ ಪುಸ್ತಕ ಅದರದೇ.

ಮುಂದಿನದು ದೂರದರ್ಶನದ ಕಾಲ. ಇಲ್ಲಿಯೂ ನಮ್ಮ ಊರಿಗೆ ಕನ್ನಡದ ಒಂದು ಋಣಾನುಬಂಧವಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ‘ಸೈಟ್’ ಎಂಬ ಪ್ರಯೋಗ ನಡೆಯಿತು. 6 ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟೀವಿ ಕಾರ್ಯಕ್ರಮಗಳು ಬಂದವು. ಕರ್ನಾಟಕದ ಪಾಲಿಗೆ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಆ ಹಳ್ಳಿಗಳ ಕನ್ನಡ ಕಾರ್ಯಕ್ರಮಗಳು ತಯಾರಾದದ್ದು ಹೈದರಾಬಾದಿನ ಕೇಂದ್ರದಲ್ಲಿ! ಹಳ್ಳಿಗಳಲ್ಲಿಟ್ಟ ಸೆಟ್ಟುಗಳನ್ನು ತಯಾರಿಸಿದ್ದೂ 1967ರಲ್ಲಿ ಇಲ್ಲಿ ಸ್ಥಾಪನೆಯಾದ ಇಸಿಐಎಲ್ ಸಂಸ್ಥೆಯೇ. ಸುಮಾರು ಹತ್ತಡಿ ಅಗಲದ, ಕೋಳಿಗೂಡಿನ ಜಾಲರಿಯಂಥ ಆಂಟೆನಾ ಶಾಲೆಯ ಮುಂದೆ ನಿಂತಿರುತ್ತಿತ್ತು. ಒಂದು ಚಿತ್ರದೊಡನೆ ಎರಡು ಧ್ವನಿವಾಹಿನಿಗಳನ್ನು ಕಳಿಸುವ ಏರ್ಪಾಡೂ ಅದರಲ್ಲಿತ್ತು. ಚಿತ್ರ ಎಲ್ಲರಿಗೂ ಒಂದೇ ಆದರೂ ಮಾತು ಅವರವರದೇ ಆಗಬೇಕೆಂಬ ತಿಳುವಳಿಕೆ ಅದು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ನಮ್ಮ ಊರು ಕನ್ನಡದಲ್ಲಿ ಟೀವಿ ಮಾತಾಡಿತ್ತು. 1977ರಲ್ಲಿ ಆರಂಭವಾದ ಹೈದರಾಬಾದ್ ದೂರದರ್ಶನ ಸಹಜವಾಗಿಯೇ ತೆಲುಗಿನದು. ನಮ್ಮ ಮನೆಗಳ ಟೀವಿಯಲ್ಲಿ ದಿನವೂ ಕನ್ನಡ ಕೇಳಲು 1994ರಲ್ಲಿ ಉದಯ ಟೀವಿ ಬರುವವರೆಗೆ ಕಾಯಬೇಕಾಯಿತು.

ಇನ್ನು ಸುತ್ತುವರಿದ ಧ್ವನಿಯ, ಅಂದರೆ ‘ಸರೌಂಡ್’ ವಿಷಯ. ಇದೂ ನಿನ್ನೆ ಮೊನ್ನೆಯದಲ್ಲ. ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ ಎಂಬ ಎಂಜಿನಿಯರ್ ಎಡ-ಬಲ ಸ್ಟೀರಿಯೊ ಧ್ವನಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1931ರಲ್ಲಿ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದಲ್ಲಿ ನುಡಿಸಿದ ವಾದ್ಯಮೇಳವನ್ನು ತಂತಿಯ ಮೂಲಕ ವಾಷಿಂಗ್ಟನ್ನಿಗೆ ಕಳಿಸಿ, ಎಡ, ನಡು, ಬಲ ಎಂಬ ಮೂರು ಕಡೆಗಳಿಂದ ಕೇಳಿಸಿದರು. ಎರಡೇ ಇದ್ದರೆ ನಡುವೆ ಬಯಲು ಬಿದ್ದಂತಾಗುತ್ತದೆ ಎಂಬುದನ್ನು ಅವರು ಅಂದೇ ಕಂಡುಕೊಂಡಿದ್ದರು. ಡಾಲ್ಬಿ ಎಂಬ ಹೆಸರನ್ನು ಕೇಳದವರಿಲ್ಲ. ಆ ರೇ ಡಾಲ್ಬಿಯವರು 1963ರಿಂದ 1965ರವರೆಗೆ ಯುನೆಸ್ಕೋ ಸಲಹೆಗಾರರಾಗಿ ನಮ್ಮ ಚಂಡೀಗಢದಲ್ಲಿದ್ದರೆಂಬುದು ಎಲ್ಲರಿಗೂ ತಿಳಿದಿರಲಾರದು. ಇಲ್ಲಿಂದ ಹೋದ ವರ್ಷವೇ ಅವರು ಲಂಡನ್ನಿನಲ್ಲಿ ತಮ್ಮ ಪ್ರಯೋಗಾಲಯ ತೆರೆದರು. ಅವರ ಮೊದಲ ಸಾಧನೆ ಸದ್ದು ಹೆಚ್ಚಿಸುವುದಲ್ಲ, ಟೇಪಿನ ಗೊರಗುಟ್ಟುವಿಕೆಯನ್ನು ತಗ್ಗಿಸುವುದು. ಡಾಲ್ಬಿ ಸರೌಂಡ್ ಮನೆಗಳಿಗೆ ಬಂದದ್ದು 1982ರಲ್ಲಿ. ಮಾತಿಗೆಂದೇ ನಡುವಿನ ಸ್ಪೀಕರನ್ನು ಬಳಕೆಗೆ ತಂದ ಪ್ರೊಲಾಜಿಕ್ 1987ರಲ್ಲಿ ಬಂತು. 1992ರಲ್ಲಿ ಚಿತ್ರಮಂದಿರಗಳಿಗೆ ಡಿಜಿಟಲ್ ಧ್ವನಿ, 2012ರಲ್ಲಿ ತಲೆಯ ಮೇಲಿನಿಂದಲೂ ಕೇಳಿಸುವ ಆಟ್ಮಾಸ್ ಬಂದವು. 5.1 ಎಂದರೆ ಐದು ಸ್ಪೀಕರು, ಜೊತೆಗೆ ಗುಡುಗಿಗೊಂದು ದಪ್ಪ ಡಬ್ಬ. ಆ ಐದರಲ್ಲಿ ಸಂಭಾಷಣೆಯ ಬಹುಪಾಲು ಬರುವುದು ನಡುವಿನ ಒಂದರಿಂದಲೇ.

ನಮ್ಮ 2011ರ ಪೆಟ್ಟಿಗೆಯ ಗುಟ್ಟು ರಟ್ಟಾದದ್ದು ಇಷ್ಟನ್ನು ತಿಳಿದ ಮೇಲೆ. ಮೂಲೆಯಿಂದ ತೆಗೆದು ಧೂಳು ಒರೆಸಿ ಬೆನ್ನು ತಿರುಗಿಸಿದೆವು. ಅಲ್ಲಿ ಸಣ್ಣ ಅಕ್ಷರದಲ್ಲಿ, ಯಂತ್ರ ಬಳಸುವ ವಿದ್ಯುತ್ತು 60 ವ್ಯಾಟ್ ಎಂದಿತ್ತು. ಗೋಡೆಯಿಂದ 60 ವ್ಯಾಟ್ ಹೀರಿ 5000 ವ್ಯಾಟ್ ಕೊಡುವುದೆಂದರೆ, ಗಿರಣಿಗೆ ಒಂದು ಸೇರು ಜೋಳ ಹಾಕಿ ಒಂದು ಚೀಲ ಹಿಟ್ಟು ತಂದಂತೆ! ಶಕ್ತಿಯ ನಿತ್ಯತೆಯ ನಿಯಮವನ್ನು ಬಿ.ಎಸ್ಸಿ.ಯಲ್ಲಿ ಓದಿ ಪಾಸಾದ ನಾವು ಅಂಗಡಿಯ ಬಾಗಿಲಲ್ಲೇ ಅದನ್ನು ಮರೆತಿದ್ದೆವು. ಆ 5000 ‘ಪಿಎಂಪಿಒ’ ಎಂಬ ಲೆಕ್ಕದ್ದು. ಅದಕ್ಕೆ ಒಪ್ಪಿತವಾದ ಅಳತೆಗೋಲೇ ಇಲ್ಲ. ನೋಡಬೇಕಾದದ್ದು, ಯಂತ್ರ ಸತತವಾಗಿ ಕೊಡಬಲ್ಲ ‘ಆರ್‌ಎಂಎಸ್’ ವ್ಯಾಟನ್ನು. ಅದೂ ಎಷ್ಟು ಸ್ಪೀಕರುಗಳು ಒಟ್ಟಿಗೆ ನಡೆಯುವಾಗ, ಎಷ್ಟು ಓಮ್‌ಗೆ, ಎಷ್ಟು ವಿಕೃತಿಯಲ್ಲಿ ಎಂಬುದನ್ನು ಸೇರಿಸಿಯೇ. ಅಮೆರಿಕದಲ್ಲಿ ಇಂಥ ಜಾಹೀರಾತುಗಳ ಹಾವಳಿ ತಡೆಯಲು 1974ರಲ್ಲೇ ಸರ್ಕಾರ ನಿಯಮ ಮಾಡಬೇಕಾಯಿತು. ಇನ್ನೊಂದು ಮಾತು. 50 ವ್ಯಾಟಿನದು ಬಿಟ್ಟು 100 ವ್ಯಾಟಿನದು ಕೊಂಡರೆ ಸದ್ದು ಇಮ್ಮಡಿಯಾಗುವುದಿಲ್ಲ, ಕೇವಲ 3 ಡೆಸಿಬೆಲ್ ಏರುತ್ತದೆ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು ಹತ್ತುಪಟ್ಟು ಶಕ್ತಿ ಬೇಕು. ನಮ್ಮ ನಿಮ್ಮ ಮನೆಗಳ ಹಾಲಿನಲ್ಲಿ ಮಾತು ಕೇಳಲು ಒಂದೆರಡು ವ್ಯಾಟ್ ಸಾಕು. ಉಳಿದದ್ದು ಗುಡುಗು ಸಿಡಿಲಿಗೆ ಇಟ್ಟುಕೊಂಡ ಮೀಸಲು.

ಇಷ್ಟು ತಯಾರಿಯೊಡನೆ ಗುಜರಾತಿ ಗಲ್ಲಿಗೂ ಬೇರೆ ಎರಡು ಅಂಗಡಿಗಳಿಗೂ ಹೋದೆವು. ಈ ಸಲ ತಾಯಿಯವರನ್ನೂ ಕರೆದೊಯ್ದೆವು. ಎಂಬತ್ತರ ಹತ್ತಿರದವರು, ಕಿವಿ ಸ್ವಲ್ಪ ಮಂದ. ಮಾರುವವರು ಎಲ್ಲೆಡೆಯೂ ಹೆಲಿಕಾಪ್ಟರನ್ನೇ ಹಾರಿಸಿದರು. ನಾವು ತಂದೆಯವರ ಮಾತನ್ನೇ ಸ್ವಲ್ಪ ಬದಲಿಸಿ, “ಇದು ಬೇಡ, ಕನ್ನಡ ಹಾಕಿ” ಎಂದೆವು. ತಾಯಿಯವರಿಗೆ ಸಾಲು ಸಾಲು ಬಾಯಿಪಾಠವಾಗಿರುವ ಒಂದು ಹಳೆಯ ಚಿತ್ರದ ದೃಶ್ಯವನ್ನೇ ಪ್ರತಿ ರಿಸೀವರಿನಲ್ಲೂ ಹಾಕಿಸಿದೆವು. ಸದ್ದಿನ ಮಟ್ಟ ಎಲ್ಲದರಲ್ಲೂ ಒಂದೇ ಇರಲೆಂದು ಹಟ ಹಿಡಿದೆವು. ಏಕೆಂದರೆ ತುಸು ಜೋರಾಗಿ ನುಡಿಯುವುದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ. ಮಾರುವವರಿಗೆ ಈ ಮರ್ಮ ಚೆನ್ನಾಗಿ ಗೊತ್ತು. ಒಂಬತ್ತು ಸ್ಪೀಕರಿನ, ಬೆಲೆಬಾಳುವ ರಿಸೀವರನ್ನು ಕೇಳಿ ತಾಯಿಯವರು ಸುಮ್ಮನಿದ್ದರು. ಸಾಧಾರಣ 5.1 ರಿಸೀವರಿಗೆ ಒಳ್ಳೆಯ ನಡುಸ್ಪೀಕರನ್ನು ಜೋಡಿಸಿದಾಗ, “ಹಾಂ, ಈಗ ಬಿಡಿಸಿ ಕೇಳಸ್ತದ” ಎಂದರು. ನಾವು ಅದನ್ನೇ ಕೊಂಡೆವು. ಉಳಿದ ಹಣದ ದೊಡ್ಡ ಪಾಲು ನಡುಸ್ಪೀಕರಿಗೆ ಹೋಯಿತು. ಊರಿನಲ್ಲೇ ರಿಪೇರಿಯ ವ್ಯವಸ್ಥೆ ಇದೆಯೇ, ಈಗಿರುವ ಟೀವಿಗೆ ಒಂದೇ ತಂತಿಯಲ್ಲಿ ಹೊಂದುತ್ತದೆಯೇ ಎಂಬೆರಡು ಪ್ರಶ್ನೆ ಕೇಳಿದ್ದೂ ವ್ಯರ್ಥವಾಗಲಿಲ್ಲ.

ರಿಸೀವರಿಗೆ ಕನ್ನಡದಲ್ಲಿ ಗ್ರಾಹಕ ಯಂತ್ರ ಎನ್ನುತ್ತೇವೆ. ಕೊಳ್ಳುವವನೂ ಗ್ರಾಹಕನೇ. ಏನನ್ನು ಗ್ರಹಿಸಬೇಕೆಂಬುದು ಕೊಳ್ಳುವ ಗ್ರಾಹಕನಿಗೆ ತಿಳಿದಿದ್ದರೆ ಯಂತ್ರದ ಗ್ರಾಹಕನನ್ನು ಆರಿಸುವುದು ಕಷ್ಟವಲ್ಲ. 1972ರಲ್ಲಿ ತಂದೆಯವರಿಗೆ ಅದು ತಿಳಿದಿತ್ತು, 2011ರಲ್ಲಿ ನಮಗೆ ತಿಳಿದಿರಲಿಲ್ಲ. ವ್ಯತ್ಯಾಸ ಅಷ್ಟೇ.

ಕೊನೆಗೊಂದು ವಿನಂತಿ. ಡೆಕ್ಕನ್ ರೇಡಿಯೊದಲ್ಲಿ ಕನ್ನಡ ಕೇಳಿದ ಹಿರಿಯರು ಈಗ ಎಂಬತ್ತನ್ನು ದಾಟಿದವರು. ಸೈಟ್ ಕಾರ್ಯಕ್ರಮಗಳಲ್ಲಿ ದನಿ ಕೊಟ್ಟವರು, ಬರೆದವರು, ಹಾಡಿದವರು ನಮ್ಮ ಕಾಚಿಗುಡದ ಸಾಹಿತ್ಯ ಮಂದಿರದ ಸಭೆಗಳಲ್ಲೇ ಹಿಂದಿನ ಸಾಲಿನಲ್ಲಿ ಕುಳಿತಿರಬಹುದು. ಅವರ ನೆನಪುಗಳನ್ನು ಮಕ್ಕಳು ಮೊಮ್ಮಕ್ಕಳು ಕೇಳಿ ಬರೆದು ಈ ಪತ್ರಿಕೆಗೆ ಕಳಿಸಬೇಕು. ಈ ಊರಿನಿಂದ ಹೊರಟ ಕನ್ನಡದ ದನಿ ಒಮ್ಮೆ ಆಡಿ ಗಾಳಿಯಲ್ಲಿ ಹೋದದ್ದು. ಅದಕ್ಕೆ ಉಳಿದಿರುವ ಗ್ರಾಹಕ ಯಂತ್ರ ಅವರ ಕಿವಿಯೊಂದೇ.

ಟ್ರಂಕಿನ ಲೈಸೆನ್ಸ್ ಪುಸ್ತಕವನ್ನು ನಾವು ಹೊಸ ರಿಸೀವರಿನ ಪಕ್ಕದಲ್ಲೇ ಇಟ್ಟಿದ್ದೇವೆ. ಸಂಜೆ ಹೊತ್ತಿನಲ್ಲಿ ತಾಯಿಯವರು ಮೊಮ್ಮಗಳ ಫೋನಿನ ಮೂಲಕ ಕಲಬುರಗಿ ಆಕಾಶವಾಣಿಯನ್ನು ಅದರಲ್ಲಿ ಹಚ್ಚಿಸಿಕೊಂಡು ಕೇಳುತ್ತಾರೆ. ಈಗ ಕತ್ತಲಾಗುವವರೆಗೆ ಕಾಯಬೇಕಾಗಿಲ್ಲ. ಆದರೂ ಅವರು ದೀಪ ಹಚ್ಚಿದ ಮೇಲೆಯೇ ಕೇಳುತ್ತಾರೆ.